ಸುತ್ತಿಗೆಯ ಹಿಡಿಗೆ ಯಾವ ಎಣ್ಣೆ?

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕುಲುಮೆಯಲ್ಲಿ ರುದ್ರಣ್ಣನ ಕೈಯಿಂದ ಜಾರಿದ ದೊಡ್ಡ ಸುತ್ತಿಗೆ ಹಾರಿಹೋಗಿ ಬಡಿದದ್ದು ಗಡಿಯಾರದ ಕೆಳಗಿನ ಗೋಡೆಗೆ. ಮುಳ್ಳುಗಳು ಅಲ್ಲಿಗೇ ನಿಂತವು. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಎದುರಿಗೆ ಕೂತಿದ್ದ ನಂಜುಂಡ, ಬಾಯಿಂದ ಬಿದ್ದ ಬೀಡಿಗಾಗಿ ಆಗ ತಾನೇ ಬಗ್ಗಿದ್ದ. ಅವನ ತಲೆ ಇದ್ದ ಜಾಗದಲ್ಲೇ ಸುತ್ತಿಗೆ ಹಾದುಹೋಯಿತು.

‘ಬೀಡಿ ಬಿಡು ಬಿಡು ಅಂತ ನಮ್ಮನೇವ್ಳು ಬಡ್ಕೋತಾಳೆ ಸಾರ್. ಇನ್ಮೇಲೆ ಅದ್ ಹೆಂಗ್ ಹೇಳ್ತಾಳೋ ನೋಡ್ತೀನಿ’ ಎಂದ ನಂಜುಂಡ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಉಗ್ರಾಣದ ಗುಮಾಸ್ತ. ರಸಾಯನಶಾಸ್ತ್ರದ ಬಿಎಸ್ಸಿ ಎಂಬುದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಆಯುಧಪೂಜೆಗೆ ಉಪಕರಣಗಳನ್ನೆಲ್ಲ ತೊಳೆದು ಕುಂಕುಮವಿಟ್ಟು ಸೇವಂತಿಗೆ ಮುಡಿಸುವುದು ವಾಡಿಕೆ. ಆ ವರ್ಷ ನನಗೆ ಅಷ್ಟು ಸಾಲದೆನಿಸಿತು. ಮನೆ ಬಾಗಿಲಿಗೆ ಬಳಿದು ಉಳಿದಿದ್ದ ವಾರ್ನಿಷ್ ಹೊತ್ತು ತಂದೆ. ರುದ್ರಣ್ಣನ ಹೆಬ್ಬೆರಳು ಇಪ್ಪತ್ತು ವರ್ಷ ಒತ್ತಿ ಒತ್ತಿ ಸುತ್ತಿಗೆಯ ಹಿಡಿಯಲ್ಲಿ ಮಾಡಿದ್ದ ತಗ್ಗನ್ನು ಉಪ್ಪುಕಾಗದದಿಂದ ಉಜ್ಜಿ ಸಮಮಾಡಿ, ಎರಡು ಸಲ ಬಳಿದೆ. ಹಿಡಿಯಲ್ಲಿ ಮುಖ ಕಾಣುತ್ತಿತ್ತು. ‘ಓದಿದವರ ಕೈ ಬೇರೆ ಕಣ್ರೀ’ ಎಂದರು ಮಾಲೀಕರು. ಹಬ್ಬದ ರಜೆ ಕಳೆದು ಕುಲುಮೆ ಹೊತ್ತಿಸಿದ ಮೊದಲ ದಿನವೇ ಸುತ್ತಿಗೆ ಹಾರಿತು.

ರುದ್ರಣ್ಣ ದಾವಣಗೆರೆ ಕಡೆಯವರು, ಮಿತಭಾಷಿ. ತಮ್ಮ ಅಂಗೈಗಳನ್ನು ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿಕೊಂಡರು. ‘ಕೈ ಸೋತೈತೆ ಸಾರ್. ಗೇಟ್ ಹತ್ರ ಕೂರೋ ಕೆಲ್ಸ ಇದ್ರೆ ಮಾಲೀಕರಿಗೆ ಹೇಳಿ’ ಎಂದರು. ಸುತ್ತಿಗೆ ಮುಟ್ಟುವುದನ್ನೇ ಬಿಟ್ಟರು.

ನಾನು ಬಾಯಿಬಿಡಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಸುತ್ತಿಗೆ ಮತ್ತೆ ಹಾರುತ್ತಿತ್ತು. ಕೆಲವು ಸಲ ನಂಜುಂಡ ಬಗ್ಗುತ್ತಿರಲಿಲ್ಲ. ಅನ್ನ ಬಡಿಸುವಾಗ ಅಮ್ಮ ತಟ್ಟೆಗೆ ಸೌಟು ಕುಟ್ಟಿದರೂ ಬೆಚ್ಚುವವನಾದೆ.

ನಾಲ್ಕನೆಯ ದಿನ ರುದ್ರಣ್ಣನ ಮುಂದೆ ನಿಂತೆ. ‘ಸೋತಿದ್ದು ನಿಮ್ಮ ಕೈಯಲ್ಲ ರುದ್ರಣ್ಣ. ನಾನು ಬಳಿದ ವಾರ್ನಿಷ್. ಬೆವರು ಸೇರಿದ್ರೆ ಗಾಜಿನ ಥರ ಜಾರತ್ತೆ.’

ರುದ್ರಣ್ಣ ತಲೆಯೆತ್ತಿದರು. ‘ನಾಕು ದಿನ ಇದನ್ನ ಹೊಟ್ಟೇಲಿಟ್ಕಂಡು ಊಟ ಹೆಂಗ್ ಮಾಡಿದ್ರಿ ಸಾರ್?’

‘ಸರಿಯಾಗಿ ಮಾಡಿಲ್ಲ.’

‘ನಾನೂ ಮಾಡಿಲ್ಲ’ ಎಂದು ಎದ್ದು, ಒಡೆದ ಗಾಜಿನ ಚೂರೊಂದನ್ನು ಹುಡುಕಿ ತಂದು ವಾರ್ನಿಷ್ ಹೆರೆಯಲು ಕೂತರು.

ಬರೀ ಮರ ಬಿಟ್ಟರೆ ಒಣಗಿ ಸೀಳುತ್ತದೆ. ಹಾಗಾದರೆ ಏನು ಹಚ್ಚುವುದು? ಒಂದು ಮರದ ಹಿಡಿಗೆ ಇಷ್ಟು ಜನ ಸಂಬಂಧಿಕರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅಮ್ಮನದು ಕೊಬ್ಬರಿ ಎಣ್ಣೆಯ ಪಕ್ಷ. ಅವರಿಗೆ ತಲೆಗೂ ಬಾಗಿಲ ತಿರುಗಣೆಗೂ ಅದೇ. ನಂಜುಂಡನದು ಹರಳೆಣ್ಣೆ. ನಾನು ಜೇನುಮೇಣವೆಂದೆ, ಕುಲುಮೆಯ ಪಕ್ಕ ಮೇಣ ಕರಗುತ್ತದೆಂದು ಹೇಳಲು ಯಾವ ಪದವಿಯೂ ಬೇಕಾಗಲಿಲ್ಲ, ನಂಜುಂಡನೇ ಹೇಳಿದ. ಕೊನೆಗೆ ನನ್ನ ಓದು ಒಂದಿಷ್ಟು ಕೆಲಸಕ್ಕೆ ಬಂತು: ಕೊಬ್ಬರಿ, ಹರಳು ಎರಡೂ ಒಣಗುವುದಿಲ್ಲ, ಅಗಸೆ ಎಣ್ಣೆ ಮಾತ್ರ ಗಾಳಿ ಕುಡಿದು ಮರದೊಳಗೇ ಗಟ್ಟಿಯಾಗುತ್ತದೆ.

‘ಅಗಸೇನಾ? ನಮ್ ಕಡೆ ಅದ್ರ ಚಟ್ನಿಪುಡಿ ರೊಟ್ಟಿಗೆ ಹಾಕ್ಕಂತೀವಿ’ ಎಂದರು ರುದ್ರಣ್ಣ. ಅವರ ಮುಖದಲ್ಲಿ ಮೊದಲ ಬಾರಿಗೆ ಗೆಲುವು ಕಂಡಿತು.

ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿ, ಒಂದೊಂದು ಸಲವೂ ದಿನಗಟ್ಟಲೆ ಕಾಯಬೇಕು. ಮೂರು ಸಲ ಹಚ್ಚಿದೆವು. ಹೊಳಪೇನೂ ಬರಲಿಲ್ಲ, ಬಿಸಿಲಲ್ಲಿ ದುಡಿದವರ ಮೈಯಂತೆ ಮಂಕಾದ ಕಂದು. ರುದ್ರಣ್ಣ ಅದನ್ನು ಹಿಡಿದು, ಅಂಗೈಗೆ ನೀರು ಚಿಮುಕಿಸಿಕೊಂಡು ಮತ್ತೆ ಹಿಡಿದರು. ನಂಜುಂಡ ಯಾರೂ ಹೇಳದೆಯೇ ಕಾದ ಕಬ್ಬಿಣ ಹಿಡಿದು ಎದುರಿಗೆ ಕೂತ. ‘ಹೊಡಿ ಅಣ್ಣ, ಆರೋಗ್ತದೆ’ ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಏಟು ಬಿತ್ತು. ಎರಡನೆಯದು ಬಿತ್ತು. ಹತ್ತನೆಯ ಏಟಿಗೆ ಕಣ್ಣು ತೆರೆದೆ.

ಅಂದು ಗುರುವಾರ. ಶುಕ್ರವಾರ ಬೆಳಿಗ್ಗೆ ಕಾಫಿ ಕೊಡುತ್ತ ಅಮ್ಮ, ‘ಎಂಥಾ ಗೊರಕೆನೋ ನಿಂದು! ರಾತ್ರಿಯೆಲ್ಲ ನಂಗೆ ಕಣ್ಣೇ ಹತ್ತಲಿಲ್ಲ’ ಎಂದು ಬೈದರು. ಪದವಿಪ್ರದಾನದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.