ಅರವತ್ತೊಂದನೆಯ ಗಂಟು

ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಸ್ಟೇಪ್ಲರು ಸದ್ದು ಮಾಡುತ್ತಿತ್ತು. ಅದರ ಮೇಲಿನ ಮಹಡಿಯಲ್ಲಿ ವಕೀಲರ ಕಚೇರಿ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದವನಿಗೆ, ಕಾಗದದ ಕಟ್ಟು ಎಷ್ಟು ದಪ್ಪವೆಂಬುದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದ. ತಮ್ಮ ಕಕ್ಷಿಗಾರ ವೆಲ್ಡರನನ್ನು ಕಳ್ಳತನದ ಕೇಸಿನಲ್ಲಿ ಹಿಡಿದಿದ್ದ ಠಾಣೆಯ ಪೇದೆ, ಕಂಕುಳಲ್ಲಿ ಟೋಪಿ ಇರುಕಿಕೊಂಡು ಪ್ರತಿಗಳನ್ನು ಜೋಡಿಸುತ್ತಿದ್ದ.

ಚಾರ್ಜ್‌ಶೀಟು ಸಿದ್ಧವಾಗುತ್ತಿದೆ.

ಗುಮಾಸ್ತನ ಕೈ ತಾನಾಗಿಯೇ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಜೈಲಿನಲ್ಲಿರುವ ಪ್ರತಿ ಕಕ್ಷಿಗಾರನಿಗೂ ಅಲ್ಲೊಂದು ಫೈಲು ಕಟ್ಟುವ ದಾರ. ನ್ಯಾಯಾಧೀಶರು ಜೈಲಿಗೆ ಕಳಿಸಿದ ದಿನವೇ ಮೊದಲ ಗಂಟು, ಆಮೇಲೆ ದಿನಾ ಬೆಳಗ್ಗೆ ಒಂದೊಂದು. ಅರವತ್ತು ದಿನ ತುಂಬಿದರೂ ಪೊಲೀಸರು ಚಾರ್ಜ್‌ಶೀಟು ಹಾಕದಿದ್ದರೆ ಜಾಮೀನು ಅವನ ಹಕ್ಕು, ಯಾರ ದಯೆಯೂ ಬೇಕಿಲ್ಲ. ಆದರೆ ಅರ್ಜಿ ಮೊದಲು ಒಳಗೆ ಹೋಗಬೇಕು. ಚಾರ್ಜ್‌ಶೀಟು ಮುಂದಾದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಈ ದಾರಗಳಿಂದಲೇ ಕೋರ್ಟಿನವರೆಲ್ಲ ಅವನನ್ನು ದಾರದಣ್ಣ ಎನ್ನುತ್ತಿದ್ದರು.

ಮೂರು ತಿಂಗಳ ಹಿಂದೆ ಜೂನಿಯರ್ ವಕೀಲೆಯಾಗಿ ಒಬ್ಬ ಹುಡುಗಿ ಬಂದಳು. ಕಿಟಕಿ ಪಕ್ಕದ ಅವನ ಕುರ್ಚಿ ಅವಳದಾಯಿತು. "ಆ ದಾರ ಎಲ್ಲ ಬಿಸಾಕಯ್ಯ, ಇನ್ಮೇಲೆ ಇವಳ ಫೋನೇ ಕೂಗಿ ಹೇಳುತ್ತೆ," ಎಂದು ವಕೀಲರು ನಕ್ಕರು. ಅವನ ಯಾವ ಕೆಲಸಕ್ಕೂ ಅವರು ಅಷ್ಟು ಬಾಯಿತುಂಬ ನಕ್ಕವರಲ್ಲ. ಅವನು ಬಿಸಾಕಲಿಲ್ಲ, ದಾರಗಳ ಮೇಲೊಂದು ಕೊಡೆ ನೇತುಹಾಕಿ, ಕದ್ದು ಗಂಟು ಹಾಕುತ್ತ ಬಂದ.

ಈಗ ಎಣಿಸಿದ. ಇವತ್ತಿನದು ಸೇರಿ ಅರವತ್ತೊಂದು.

"ವೆಲ್ಡರನ ಅರ್ಜಿ?" ಎಂದ, ಸುಮ್ಮನೆ ಕೇಳಿದಂತೆ.

"ನಾಳೆ ಅಂಕಲ್. ಇವತ್ತು ಅರವತ್ತನೇ ದಿನ. ಟೈಪ್ ಮಾಡಿ, ಸಹಿನೂ ಹಾಕಿಟ್ಟಿದೀನಿ." ಹುಡುಗಿ ಫೋನು ತೋರಿಸಿದಳು.

ಮೊದಲ ದಿನವನ್ನು ಬಿಟ್ಟು ಎಣಿಸಿದ್ದಾಳೆ. ಅವನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಕೂಗಲಿ ನಾಳೆ ಆ ಫೋನು. ವಕೀಲರು ಆಗ ಹೇಗೆ ನಗುತ್ತಾರೋ ನೋಡೋಣ. ಹೊಟ್ಟೆಯೊಳಗಿನ ಉರಿಯಲ್ಲೇ ಒಂದು ಬೆಚ್ಚನೆಯ ಸುಖವೂ ಇತ್ತು. ಬೇರೊಂದು ಫೈಲು ಬಿಚ್ಚಿಕೊಂಡು ಕುಳಿತ.

ಟಕ್. ಇನ್ನೊಂದು ಪ್ರತಿ ಮುಗಿದಿರಬೇಕು.

ಬೆಂಚಿನ ಮೇಲೆ ವೆಲ್ಡರನ ಹೆಂಡತಿ ಕುಳಿತಿದ್ದಳು. ಮೊದಲೆಲ್ಲ "ಅಣ್ಣಾ, ಯಾವಾಗ ಬಿಡ್ತಾರೆ?" ಎಂದು ಅವನನ್ನೇ ಕೇಳುತ್ತಿದ್ದವಳು, ಈಗ "ಅಕ್ಕಾ, ನಾಳೆ ಖಂಡಿತಾನಾ?" ಎಂದು ಹುಡುಗಿಯ ಕಡೆ ತಿರುಗಿದಳು. ತನಗಿಂತ ಹತ್ತು ವರ್ಷ ಚಿಕ್ಕವಳು ಇವಳಿಗೆ ಅಕ್ಕನಂತೆ. ಗುಮಾಸ್ತ ಮೂಗು ಮುರಿದ. ಆಗ ವೆಲ್ಡರನ ಹೆಂಡತಿಯ ತೊಡೆಯ ಮೇಲಿನ ಪ್ಲಾಸ್ಟಿಕ್ ಕವರು ಕಣ್ಣಿಗೆ ಬಿತ್ತು. ಒಳಗೆ ಇಸ್ತ್ರಿ ಮಾಡಿದ ಅಂಗಿ. ತೋಳಿನ ತುಂಬ ಕಿಡಿ ಹಾರಿ ಆದ ಸಣ್ಣ ತೂತುಗಳು.

"ಇದೇನಮ್ಮ?"

"ಅವರು ಹೊರಗೆ ಬರುವಾಗ ಹಾಕ್ಕೊಳ್ಳೋಕಣ್ಣ. ತರೋದು, ವಾಪಸ್ ತಗೊಂಡು ಹೋಗೋದು, ಸುಕ್ಕಾಗುತ್ತೆ. ದಿನಾ ಇಸ್ತ್ರಿ ಮಾಡ್ತೀನಿ."

"ಎಷ್ಟು ದಿನದಿಂದ?"

"ನಾನೆಲ್ಲಿ ಎಣಿಸಲಿ. ನೀವು ಎಣಿಸ್ತಿದೀರಲ್ಲ."

ಟಕ್.

ಗುಮಾಸ್ತ ಎದ್ದ. ಕೊಡೆ ತೆಗೆದು, ವೆಲ್ಡರನ ದಾರವನ್ನು ಹುಡುಗಿಯ ಮೇಜಿನ ಮೇಲೆ ಎಸೆದ. "ಜೈಲಿಗೆ ಕಳಿಸಿದ ದಿನವೂ ಲೆಕ್ಕಕ್ಕೆ ಸೇರುತ್ತೆ ಕಣಮ್ಮ. ನಿಮ್ಮ ಫೋನು ಅದನ್ನ ನುಂಗಿಬಿಟ್ಟಿದೆ. ಎಲ್ಲಿ ಆ ಅರ್ಜಿ, ಇವತ್ತಿನ ತಾರೀಕು ಹಾಕಿ. ಕೆಳಗೆ ಚಾರ್ಜ್‌ಶೀಟು ಹೊಲೀತಾ ಇದಾರೆ."

ಹುಡುಗಿ ಅರ್ಜಿ ಎಳೆದುಕೊಂಡಳು. ದಾರ ಎಣಿಸಲೂ ಹೋಗದೆ ತಾರೀಕು ಬರೆದಳು. ಗುಮಾಸ್ತ ಎರಡೆರಡು ಮೆಟ್ಟಿಲು ಹಾರಿ ಇಳಿದ. ಯಾವುದೋ ಪುಟ ತಲೆಕೆಳಗಾಗಿದೆಯೆಂದು ಪೇದೆ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದ. ಅವನ ಬೆನ್ನ ಹಿಂದಿನಿಂದಲೇ ಗುಮಾಸ್ತ ರಸ್ತೆ ದಾಟಿದ. ಅರ್ಜಿಯ ಮೇಲೆ ಕೋರ್ಟಿನ ಮೊಹರು ಬಿದ್ದಾಗ ಹನ್ನೊಂದು ನಲವತ್ತು. ಪೇದೆ ಬಂದದ್ದು ಹನ್ನೊಂದು ಐವತ್ತಕ್ಕೆ.

ಸಂಜೆಯೊಳಗೆ ಜಾಮೀನು ಸಿಕ್ಕಿತು. ಕೋರ್ಟಿನ ಜಗಲಿಯಲ್ಲಿ ವೆಲ್ಡರನ ಹೆಂಡತಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ನೀವಿಲ್ಲದಿದ್ರೆ ಅಕ್ಕಾ..."

"ನಾನಲ್ಲ, ಈ ಅಂಕಲ್ ಮಾಡಿದ್ದು. ನಾನು ತಪ್ಪು ಎಣಿಸಿದ್ದೆ," ಎಂದಳು ಹುಡುಗಿ, ವಕೀಲರ ಎದುರೇ.

ವಕೀಲರು ಬಾಯಿತುಂಬ ನಕ್ಕರು. "ತಪ್ಪು ಒಪ್ಪಿಕೊಳ್ಳೋಕೂ ಗುಂಡಿಗೆ ಬೇಕು. ನೋಡಯ್ಯ, ಕಲಿ ಇವಳಿಂದ."

ಆರಿದ್ದ ಕಿಚ್ಚು ಮತ್ತೆ ಹೊತ್ತಿಕೊಂಡಿತು. ತಪ್ಪು ಮಾಡಿಯೂ ಹೊಗಳಿಸಿಕೊಳ್ಳುವ ವಿದ್ಯೆಯನ್ನು ಇವಳು ಎಲ್ಲಿ ಕಲಿತಳೋ.

"ಅಂಕಲ್, ಈ ಗಂಟು ಹಾಕೋದು ನನಗೂ ಹೇಳ್ಕೊಡಿ," ಹುಡುಗಿ ದಾರವನ್ನು ಬೆರಳಿಗೆ ಸುತ್ತಿಕೊಂಡಿದ್ದಳು. "ಎಲ್ಲಾ ಒಂದೇ ಅಳತೆ ಹೇಗೆ ಬಂತು? ಹತ್ತಕ್ಕೊಂದು ದಪ್ಪ ಗಂಟು ಬೇರೆ ಇದೆ, ಅದನ್ನ ಹೇಗೆ..."

ಗುಮಾಸ್ತ ಅವಳ ಬೆರಳಿನಿಂದ ದಾರವನ್ನು ಮೆಲ್ಲನೆ ಬಿಡಿಸಿಕೊಂಡು ಜೇಬಿಗೆ ಹಾಕಿದ. ಅವಳಿನ್ನೂ ಕೇಳುತ್ತಿರುವಾಗಲೇ ಜಗಲಿಯ ಮೆಟ್ಟಿಲಿಳಿದು ನಡೆದುಬಿಟ್ಟ.