ಸೆರಗು ಕತ್ತರಿಸಿದ ಸುದ್ದಿ

ನನ್ನ ಗಂಡ ಸುದ್ದಿ ಬರೆಯುತ್ತಿದ್ದದ್ದು ಸೀರೆ ಉಟ್ಟ ಹಾಗೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಮುಂದೆ ಕೂರಲಾರೆನೆಂದು ಹುನಗುಂದಕ್ಕೆ ಬಂದು ಪತ್ರಿಕೆಯೊಂದರ ವರದಿಗಾರರಾದವರು. ಮಗ್ಗ ಮಾತ್ರ ಅವರನ್ನು ಬಿಡಲಿಲ್ಲ. ಮೊದಲು ಊರಿನ ಕಷ್ಟ ಬರೆಯುತ್ತಿದ್ದರು, ಆಮೇಲೆ ಅಧಿಕಾರಿಗಳ ಮಾತು. ಆ ಕಷ್ಟಕ್ಕೆ ಯಾರಾದರೂ ದಾರಿ ಹುಡುಕಿದ್ದರೆ ಅದನ್ನು ಕೊನೆಗೆ ಇಡುತ್ತಿದ್ದರು. "ಉಡುವಾಗ ಸೆರಗು ಕಡೀಕ ಬರತೈತಿ. ಆದ್ರ ಮಂದಿ ನೋಡೂದು ಸೆರಗನ್ನ" ಎನ್ನುವರು. ದಾರಿ ತೋರಿಸದ ಸುದ್ದಿ ಅರ್ಧ ಸುದ್ದಿ ಎಂಬುದು ಅವರ ಹಟ.

ಬರೆದದ್ದನ್ನು ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲ ಅದು. ಪೇಪರ್ ಆಫೀಸಿನಲ್ಲಿ ಜಾಗ ಸಾಲದಿದ್ದರೆ ಕತ್ತರಿ ಆಡುತ್ತಿದ್ದದ್ದು ಕೆಳಗಿನಿಂದ. ಮುಖ್ಯವಾದದ್ದು ಮೇಲಿರುತ್ತದೆ ಎಂಬುದು ಆ ಕಸುಬಿನ ರೂಢಿ. ಹೀಗಾಗಿ ನನ್ನ ಗಂಡನ ಸೆರಗು ಎಷ್ಟೋ ಸಲ ಹೋಗಿತ್ತು. ಬೈದುಕೊಂಡು ಚಹಾ ಕುಡಿದು ಮರೆಯುತ್ತಿದ್ದರು. "ಹೋಗ್ಲಿ ಬಿಡ್ರಿ, ಊರಿನ ಕಷ್ಟನರ ಬಂತಲ್ಲ" ಎಂದು ನಾನೂ ಸಮಾಧಾನ ಹೇಳುತ್ತಿದ್ದೆ. ನನ್ನ ತಂಗಿಯ ಸುದ್ದಿ ಬರುವ ತನಕ.

ನನ್ನ ತವರು ಹುನಗುಂದ ತಾಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಊರಿಗೆಲ್ಲ ಬಾವಿಯ ನೀರು. ತಂಗಿ ಹುಟ್ಟುವ ಹೊತ್ತಿಗೆ ಬೋರು ಬಂದಿತ್ತು. ಆ ನೀರಿನಲ್ಲಿ ಫ್ಲೋರೈಡ್ ಇತ್ತು. ನನ್ನ ಹಲ್ಲು ಉಳಿದವು, ಅವಳ ಹಲ್ಲು ಕಂದಾದವು. ಒಂದೇ ಅವ್ವನ ಮಕ್ಕಳು ನಾವು. ನಗು ಬಂದರೆ ಸಾಕು, ಅವಳ ಸೆರಗು ಬಾಯಿಗೆ ಹೋಗುತ್ತಿತ್ತು.

ಅವಳು ಊರಿನ ಅಂಗನವಾಡಿಯ ಅಕ್ಕೋರು. ನಮ್ಮ ಕಡೆ ಟೀಚರನ್ನು ಹಾಗೇ ಕರೆಯುವುದು. "ನನಗಾದದ್ದು ಈ ಕೂಸುಗಳಿಗೆ ಆಗಬಾರದು" ಎಂದು ಮನೆಮನೆ ತಿರುಗಿ ಹೆಂಗಸರನ್ನು ಕೂಡಿಸಿದಳು. ಶಾಲೆಯ ಮಾಳಿಗೆಯ ಮಳೆನೀರು ಪೈಪಿನಲ್ಲಿ ಇಳಿದು ತೊಟ್ಟಿಗೆ ಬೀಳುವಂತೆ ಮಾಡಿಸಿದಳು. ಮಕ್ಕಳು ಆ ನೀರು ಕುಡಿಯತೊಡಗಿದರು. ಅದೇ ವರ್ಷ ಬದಾಮಿ ಕಡೆಯಿಂದ ಅವಳಿಗೆ ಸಂಬಂಧ ಕೂಡಿ ಬಂತು. ಹುಡುಗನ ತಾಯಿ ಅವಳ ಗದ್ದ ಹಿಡಿದು, "ಹಲ್ಲಿನಾಗ ಏನೈತಿ? ಗುಣ ಚಲೋ ಐತಿ, ಸಾಕು" ಎಂದು ಸೀರೆ ಉಡಿಸಿ, ಉಡಿ ತುಂಬಿ ಹೋದರು. ಅವ್ವ ಅಂದು ಅತ್ತಳು, ಖುಷಿಗೆ.

ಮಳೆನೀರಿನ ತೊಟ್ಟಿಯ ಸುದ್ದಿ ಬರೆಯಲು ನನ್ನ ಗಂಡ ಕ್ಯಾಮೆರಾ ಹಿಡಿದು ಹೊರಟಾಗ ಅವರಿಗಿಂತ ಸಡಗರ ನನಗೆ. ತವರಿನ ಸುದ್ದಿ ನೋಡಿ! ತೊಟ್ಟಿಯ ಮುಂದೆ ತಂಗಿ ಸೆರಗು ಬಾಯಿಗಿಟ್ಟುಕೊಂಡೇ ನಿಂತಳು.

"ಬ್ಯಾಡ್ರಿ ಮಾಮಾ, ನನ್ನ ಹಲ್ಲು..."

"ಏ ಹುಚ್ಚಿ, ತೊಟ್ಟಿ ಕಟ್ಟಿಸಿದಾಕಿ ನೀ. ಬಾಯಿ ಮುಚ್ಚಿಕೊಂಡು ನಿಂತ್ರ ಮಂದಿ ಅಳಾಕತ್ತಾಳ ಅಂತಾರ."

ಅವಳು ನಕ್ಕುಬಿಟ್ಟಳು. ಸೆರಗು ಕೆಳಗೆ ಜಾರಿತು. ನನ್ನ ತಂಗಿ ಮನಸ್ಸು ಬಿಚ್ಚಿ ನಕ್ಕ ಫೋಟೊ ಅದೊಂದೇ.

ಫೋಟೊದ ಹಿಂದೆ ಏನೂ ಬರೆಯದೆ ಕವರಿಗೆ ಹಾಕಿದರು. "ಯಾರು ಅಂತ ಬರೀರಿ" ಎಂದೆ. "ಕಡೀ ಪ್ಯಾರಾದಾಗ ಎಲ್ಲಾ ಐತೆಲ್ಲ" ಎಂದರು.

ಕಡೇ ಪ್ಯಾರಾ ಬರಲಿಲ್ಲ. ಯಾವುದೋ ಜಾಹೀರಾತು ಬಂತಂತೆ, ಜಾಗ ಇರಲಿಲ್ಲವಂತೆ. ತೊಟ್ಟಿ ಇಲ್ಲ, ಹೆಂಗಸರಿಲ್ಲ, ಅಂಗನವಾಡಿ ಇಲ್ಲ. ಹಲ್ಲು ಕಪ್ಪಾದ, ಎಲುಬು ಸೊಟ್ಟಗಾದ ಊರು ಎಂಬಷ್ಟು ಮಾತ್ರ ಉಳಿದಿತ್ತು. ಮೇಲೆ ನಗುವ ತಂಗಿಯ ಮುಖ. ಅವಳು ಯಾರೆಂದು ಆಫೀಸಿನವರಿಗೆ ಗೊತ್ತಾಗುವುದಾದರೂ ಹೇಗೆ? ಕೆಳಗೆ 'ಫ್ಲೋರೈಡ್ ಪೀಡಿತ ಯುವತಿ' ಎಂದು ಅಚ್ಚು ಹಾಕಿದ್ದರು.

ಬದಾಮಿಯಿಂದ ಒಬ್ಬ ಹಿರಿಯರು ಬಂದರು. ಅಪ್ಪನ ಮುಖ ನೋಡದೆ ಹೇಳಿದರು: "ಹಲ್ಲು ಒಂದ ಆಗಿದ್ರ ನಡೀತಿತ್ರಿ. ಎಲುಬಿಗೂ ಬರತೈತಂತ, ಹುಟ್ಟೂ ಕೂಸಿಗೂ ಬರತೈತಂತ. ಪೇಪರಿನ್ಯಾಗ ಬಂದೈತೆಲ್ರಿ. ಉಡಿಸಿದ ಸೀರಿ ನೀವ ಇಟ್ಕೋರಿ." ಹುಟ್ಟುವ ಕೂಸಿನ ಮಾತು ಪೇಪರಿನಲ್ಲಿ ಇರಲೇ ಇಲ್ಲ. ಆದರೆ ಮಂದಿಯ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

ಊರಿನವರು ಬೇರೆ ತಿರುಗಿಬಿದ್ದರು. ನಮ್ಮೂರಿಗೆ ಇನ್ನು ಯಾರು ಹೆಣ್ಣು ಕೊಡುತ್ತಾರೆ, ನಮ್ಮ ಹೆಣ್ಣನ್ನು ಯಾರು ತಗೊಳ್ಳುತ್ತಾರೆ ಎಂದು ಅಂಗನವಾಡಿಯ ಮುಂದೆ ನಿಂತು ಕೂಗಾಡಿದರು. ತೊಟ್ಟಿ ಕಟ್ಟಲು ಕಲ್ಲು ಹೊತ್ತ ಹೆಂಗಸರೂ ಅವರಲ್ಲಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಯಾರೋ ಮಾಳಿಗೆಯ ಪೈಪು ಮುರಿದುಹಾಕಿದರು. ತೊಟ್ಟಿ ಒಣಗಿತು. ಮಕ್ಕಳು ಮತ್ತೆ ಬೋರಿಗೆ ಹೋದರು. ಸರಿ ಮಾಡಿಸೋಣ ಬಾ ಎಂದರೆ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ನನ್ನ ಗಂಡ ಪೇಪರ್ ಆಫೀಸಿಗೆ ಹೋಗಿ ಜಗಳಾಡಿದರು. ಒಳಪುಟದ ಮೂಲೆಯಲ್ಲಿ ಒಂದು ಸ್ಪಷ್ಟನೆ ಬಂತು. ಅದನ್ನು ಓದಿದವರು ನಾನು, ಅವರು, ಅಪ್ಪ.

ಆಮೇಲೆ ಅವರು ಸುದ್ದಿಯನ್ನು ತಿರುಗಾಮುರುಗಾ ಮಾಡಿ ಬರೆದು ನೋಡಿದರು. ದಾರಿ ಮೊದಲು, ಕಷ್ಟ ಕೊನೆಗೆ. ಕತ್ತರಿ ಕಷ್ಟವನ್ನು ನುಂಗಿತು. ಒಂದು ಊರಿನವರು ಕೆರೆಯ ಹೂಳು ತೆಗೆದ ಸುದ್ದಿಯನ್ನೇ ತೋರಿಸಿ, "ಎಲ್ಲಾ ಚಲೋ ಐತೆಲ್ರಿ, ಮತ್ತೇನ ಬೇಕು?" ಎಂದು ನೆರವು ಕೇಳಲು ಹೋದ ಆ ಊರಿನವರನ್ನೇ ಅಧಿಕಾರಿಗಳು ಹಿಂದಕ್ಕೆ ಕಳಿಸಿದರು. ಕಡೆಗೆ ನನ್ನ ಗಂಡನಿಗೆ ಹೊಳೆದದ್ದು ಮನೆಯ ಕಸುಬೇ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದರೊಳಗೊಂದು ಕೊಂಡಿ ಹಾಕುತ್ತಾರೆ. ಕಷ್ಟವನ್ನೂ ದಾರಿಯನ್ನೂ ಮೊದಲ ವಾಕ್ಯದಲ್ಲೇ ಕೊಂಡಿ ಹಾಕಿ ಬರೆಯತೊಡಗಿದರು. ಆಮೇಲೆ ಎಲ್ಲಿ ಕತ್ತರಿಸಿದರೂ ಎರಡೂ ಉಳಿಯುತ್ತಿದ್ದವು.

ವರ್ಷಗಳ ಮೇಲೆ ಬಾಗಲಕೋಟೆಯಲ್ಲಿ ವರದಿಗಾರರಿಗೊಂದು ಶಿಬಿರ ನಡೆಯಿತು. ನನ್ನ ಗಂಡ ಹೋಗಿ ಬಂದು ಹೇಳಿದರು, "ರಚನಾತ್ಮಕ ಪತ್ರಿಕೋದ್ಯಮ ಅಂತಾರಂತ ಇದಕ್ಕ. ಬರೇ ಗಾಯ ತೋರಿಸಬಾರದು, ಮದ್ದೂ ತೋರಿಸಬೇಕು, ಆ ಮದ್ದು ಖರೇನ ನಾಟತೈತೋ ಇಲ್ಲೋ ಅದನ್ನೂ ಹೇಳಬೇಕಂತ." ನನಗೆ ಮೈಯೆಲ್ಲ ಉರಿಯಿತು. "ಅದಕ್ಕೊಂದು ಹೆಸರು ಬ್ಯಾರೆ ಇಟ್ಟಾರೇನು? ಆ ಹೆಸರು ತಗೊಂಡು ಹೋಗಿ ನನ್ನ ತಂಗಿ ಉಡಿಯಾಗ ಹಾಕ್ರಿ" ಎಂದೆ. ಅವರು ಉಣ್ಣದೆ ಎದ್ದರು. ಪಾಪ, ಅವರದೇನು ತಪ್ಪು. ಆದರೂ ಅಂದೆ.

ತಂಗಿಗೆ ಮತ್ತೆ ಸಂಬಂಧ ಬರಲಿಲ್ಲ. ಅಂಗನವಾಡಿ ಬಿಡಲಿಲ್ಲ. ಒಮ್ಮೆ ಅವಳು ಕಥೆ ಹೇಳುವಾಗ ಹಿಂದೆ ನಿಂತು ನೋಡಿದೆ. ನಗುವ ಕಡೆ ಬಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡಳು. ಎದುರಿಗಿದ್ದ ಮಕ್ಕಳೆಲ್ಲ ಪುಟ್ಟ ಕೈ ಬಾಯಿಗಿಟ್ಟುಕೊಂಡು ನಕ್ಕವು. ನಗುವುದೆಂದರೆ ಹಾಗೇ ಎಂದು ಅವು ಕಲಿತಿದ್ದವು.

ನನ್ನ ಮಗನ ಜವಳ ಕೂಡಲಸಂಗಮದಲ್ಲಿ ಮಾಡಿದೆವು. ಬೋಳು ತಲೆಯ ಕೂಸನ್ನು ತಂಗಿಯ ತೊಡೆಯ ಮೇಲೆ ಕೂರಿಸಿದೆ. ಅವಳು ಉಟ್ಟದ್ದು ಬದಾಮಿಯವರು ಉಡಿಸಿದ ಸೀರೆಯನ್ನೇ. ಕೂಸು ಅವಳ ಮೂಗು ಹಿಡಿದು ಎಳೆಯಿತು, ಅವಳು ನಕ್ಕಳು. ನನ್ನ ಗಂಡ ತಟ್ಟನೆ ಕ್ಯಾಮೆರಾ ಎತ್ತಿದರು. ಅವಳ ಕೈ ಸೆರಗಿಗೆ ಹೋಯಿತು.

"ಫೋಟೊದ ಕೆಳಗ ಏನಂತ ಬರೀತೀರಿ, ಅದನ್ನ ಮೊದ್ಲ ಹೇಳ್ರಿ ಮಾಮಾ" ಎಂದಳು.

ನನ್ನ ಗಂಡ ಕ್ಯಾಮೆರಾ ಕೆಳಗಿಳಿಸಿದರು. ಆ ದಿನದ ಒಂದು ಫೋಟೊವೂ ನಮ್ಮ ಮನೆಯಲ್ಲಿಲ್ಲ.