ಸೀಟಿನ ಮೇಲಿನ ಟವಲ್

ಮೆಮೊರಿ ಮ್ಯಾ... ಮ್ಯಾಪಿಂಗ್ ಇರಬೇಕು, ಮೊಮ್ಮಗಳು ಹೇಳಿದ ಹೆಸರು. ಕಂಪ್ಯೂಟರನ್ನು ನಡೆಸುವ ಕರ್ನಲ್‌ನಲ್ಲಿ ಪ್ರೋಗ್ರಾಮುಗಳಿಗೆ ಕೊಡುವ ಜಾಗ ಎಲ್ಲೋ ಸಿಕ್ಕಿಕೊಂಡು ಯಂತ್ರವೇ ನಿಂತುಬಿಡುತ್ತಿತ್ತು. ತಪ್ಪು ಸಂಜೆಯೊಳಗೆ ಸಿಗದಿದ್ದರೆ, ಅದನ್ನು ಸರಿಪಡಿಸಬೇಕಿದ್ದ ಮೊಮ್ಮಗಳು ನನ್ನ ತವರು ಸುರಪುರದ ಮದುವೆ ಬಿಟ್ಟು ಪುಣೆಯ ಆಫೀಸಿಗೆ ಮರಳಬೇಕಿತ್ತು.

ಯಾದಗಿರಿಯಲ್ಲಿ ಹಳೆ ಚಾಳಿಯಂತೆ ಬಸ್ಸಿನ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿದೆ. ಅಷ್ಟರಲ್ಲಿ ಮೊದಲು ಹೊರಡುವ ಇನ್ನೊಂದು ಬಸ್ಸು ಬಂತು, ಅದನ್ನೇ ಹತ್ತಿದೆವು. ಟವಲ್ ತರಲು ಮೊಮ್ಮಗಳು ಓಡಿದಳು. ಅಲ್ಲಿ ಮಂದಿ ಕಿಕ್ಕಿರಿದು ನಿಂತಿದ್ದರೂ ಆ ಸೀಟು ಖಾಲಿಯೇ ಇತ್ತಂತೆ.

"ಕುಂದ್ರಬಾರದೇನ್ರಿ?" ಎಂದು ಕೇಳಿದಳಂತೆ ಇವಳು.

"ಟವಲ್ ಅದಲ್ಲವ್ವಾ, ಯಾರೋ ಬರ್ತಾರ," ಎಂದಳಂತೆ ನಿಂತಿದ್ದ ಹೆಂಗಸು.

ಮೊಮ್ಮಗಳು ನಗುತ್ತ ಬಂದಳು. "ಅಜ್ಜಿ, ಸಿಕ್ತು. ಅರ್ಧಕ್ಕೇ ಕೆಲಸ ಬಿಟ್ಟ ಪ್ರೋಗ್ರಾಮು, ಹಿಡಿದ ಜಾಗ ಬಿಟ್ಟುಕೊಡದೇ ಹೋಗ್ಯಾದ, ನಿನ್ನಂಗ."

ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದು ತಿದ್ದಿದಳು. ಶಹಾಪುರ ಬರುವಷ್ಟರಲ್ಲಿ ಯಂತ್ರ ಸರಿಯಾಯಿತು, ಮದುವೆಯೂ ತಪ್ಪಲಿಲ್ಲ.

"ತಿದ್ದಿದ್ದರ ಕೆಳಗ ಬರಿಯವ್ವಾ," ಅಂದೆ, "ಟವಲ್ ಅಜ್ಜೀದು ಅಂತ."